‘ನಮ್ಮ ಗುಡ್ಡದಾಗ ಚಿನ್ನ ಐತಂತ, ನಾವ್ ಎಲ್ಲಿ ಹೋಗೂಣು?’

ಓದುಗರ ಪ್ರಶ್ನೆ:

“ನಮಸ್ಕಾರ ಅಕ್ಕಾರೆ. ನಮ್ಮದು ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಅಂಚಿನ ಒಂದು ಲಂಬಾಣಿ ತಾಂಡಾ. ಗುಡ್ಡದ ಬುಡದಲ್ಲಿ ಮೂರು ಎಕರೆಯನ್ನು ಮುತ್ತಜ್ಜನ ಕಾಲದಿಂದ ನಾವೇ ಮಾಡುತ್ತ ಬಂದಿದ್ದೇವೆ. ಉತಾರ (ಪಹಣಿ) ಮಾತ್ರ ನಮ್ಮ ಹೆಸರಲ್ಲಿಲ್ಲ. ಎರಡು ತಿಂಗಳ ಹಿಂದೆ ಜೀಪಿನಲ್ಲಿ ಬಂದ ಕೆಲವರು ಕಲ್ಲುಬಂಡೆಗಳಿಗೆ ಬಿಳಿ ಬಣ್ಣದ ಗುರುತು ಹಾಕಿ ಹೋದರು. ಚಿನ್ನದ ಗಣಿ ಬರುತ್ತದಂತೆ. ಆಮೇಲೆ ಒಬ್ಬ ಏಜೆಂಟ್ ಮನೆಮನೆಗೆ ಬಂದು, ಎಕರೆಗೆ ಇಷ್ಟು ಕೊಡಿಸುತ್ತೇನೆ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾನೆ. ಅಪ್ಪ ಹೆಬ್ಬೆಟ್ಟು ಒತ್ತಿಬಿಟ್ಟಿದ್ದಾರೆ. ಅರಣ್ಯ ಗಾರ್ಡ್ ‘ಇದು ಅಭಯಾರಣ್ಯ, ನೀವೆಲ್ಲ ಒತ್ತುವರಿದಾರರು’ ಅನ್ನುತ್ತಾರೆ. ಪಕ್ಕದ ಊರಿನ ವಾಲ್ಮೀಕಿ ಸಮಾಜದವರು ‘ಅರಣ್ಯ ಹಕ್ಕು ನಮಗುಂಟು, ನಿಮಗಿಲ್ಲ’ ಅನ್ನುತ್ತಾರೆ. ಒಡಿಶಾದಲ್ಲಿ ಗ್ರಾಮಸಭೆ ಬೇಡ ಅಂದಿದ್ದಕ್ಕೆ ಕಂಪನಿ ವಾಪಸ್ ಹೋಯಿತಂತೆ. ನಮ್ಮಲ್ಲೂ ಹಾಗೆ ಆಗುತ್ತದಾ? ಇಲ್ಲ, ಕೊಟ್ಟಷ್ಟು ದುಡ್ಡು ತಗೊಂಡು ಸುಮ್ನೆ ಇರೋದೇ ಜಾಣತನವಾ? ನಾನು ಗೋವಾದಲ್ಲಿ ದುಡಿಯುತ್ತೇನೆ. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತೇನೆ.” (ಹೆಸರು, ತಾಂಡಾದ ಹೆಸರು ಬೇಡ ಎಂದಿದ್ದಾರೆ.)

ಉತ್ತರ:

ತಮ್ಮಾ, ಅಪ್ಪ ಒತ್ತಿದ ಹೆಬ್ಬೆಟ್ಟಿನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಮೊದಲು ಬೇರೆ ನಾಲ್ಕು ಗಂಟು ಬಿಚ್ಚಬೇಕು.

ಧಾರವಾಡದ ನನ್ನ ಕಚೇರಿಗೆ ಇಂಥ ಪ್ರಶ್ನೆ ಹಿಡಿದು ಬರುವವರು ಸಾಮಾನ್ಯವಾಗಿ “ಗಣಿ ನಿಲ್ಲಿಸೋದು ಹೇಗೆ” ಅಂತ ಶುರು ಮಾಡುತ್ತಾರೆ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ನಿಜವಾದ ಭಯ ಹೊರಗೆ ಬರುತ್ತದೆ: “ಇದು ನಮ್ಮದು ಅಂತ ಹೇಳೋಕೆ ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲವಲ್ಲ.” ನಿಮ್ಮ ಪತ್ರದಲ್ಲೂ ನನಗೆ ಕಂಡದ್ದು ಅದೇ. ಕಂಪನಿ, ಏಜೆಂಟ್, ಗಾರ್ಡ್ ಮೂವರೂ ನಿಮ್ಮನ್ನು ಮಾತಾಡಿಸುತ್ತಿರುವ ರೀತಿಗೆ ಕಾರಣವೂ ಅದೇ.

ಮೊದಲು ಚಿನ್ನದ ಮಾತು. ಅದು ಗಾಳಿಸುದ್ದಿ ಅಲ್ಲ. “ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು” ಅನ್ನುವ ನಮ್ಮ ಕಡೆಯ ಮಾತು ನಿಮಗೂ ಗೊತ್ತು. ಕಂಪನಿಗಳೂ ಈ ಗಿರಿಯನ್ನು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನೋಡುತ್ತಿವೆ. ಇಲ್ಲಿನ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರಿದ್ದರು. ಬ್ರಿಟಿಷರ ಕಾಲದಲ್ಲಿ ಕಬಲಾಯತಕಟ್ಟಿ ಸುತ್ತ ಗಣಿ ತೋಡಿದ್ದರು. ಕಬಲಾಯತ ಅಂದರೆ ಹಳೆಯ ಕಂದಾಯ ಭಾಷೆಯಲ್ಲಿ ಒಪ್ಪಿಗೆ ಪತ್ರ. ಇವತ್ತಿನ ಜಗಳವೂ ಒಪ್ಪಿಗೆ ಪತ್ರದ್ದೇ ಅಲ್ವಾ!

ಇಂಥ ಗಣಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಪುಡಿಮಣ್ಣು. ಚಿನ್ನ ಬಿಡಿಸಲು ಸೈನೈಡ್ ಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಆದರೆ ಅಲ್ಲಿನ ಸೈನೈಡ್ ದಿಬ್ಬಗಳು ಇವತ್ತಿಗೂ ಇವೆ. ಗಾಳಿ ಬೀಸಿದಾಗ ಆ ದೂಳು ಕೆಜಿಎಫ್ ಮನೆಗಳ ಒಳಗೆ ಬರುತ್ತದೆ. ಗಾಳಿಯ ಮಾತು ಗದಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಮೇಲೆ ವಿಂಡ್‌ಮಿಲ್ ನೆಟ್ಟದ್ದೇ ಆ ಗಾಳಿಗಾಗಿ.

ಈಗ ನಿಮ್ಮ ಕಿವಿಗೆ ಬಿದ್ದ ಮಾತುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಅಂತ ನೋಡೋಣ.

ಒಡಿಶಾದಿಂದಲೇ ಶುರು ಮಾಡುತ್ತೇನೆ. ಆ ಕಥೆ ಹೇಳದ ಸಭೆ ಇಲ್ಲ, ಪೂರ್ತಿ ಹೇಳುವವರು ಮಾತ್ರ ಕಡಿಮೆ. ಅಲ್ಲಿ ರಾಯಗಡ ಮತ್ತು ಕಾಳಾಹಂಡಿ ಜಿಲ್ಲೆಗಳಲ್ಲಿ ಹಬ್ಬಿದ ಬೆಟ್ಟಸಾಲು ನಿಯಮಗಿರಿ. ಅದರ ಮೇಲೆ, ಇಳಿಜಾರಿನಲ್ಲಿ ಇರುವವರು ಡೋಂಗ್ರಿಯಾ ಕೊಂಧರು. ಅವರ ದೇವರು ನಿಯಮರಾಜ, ಬೆಟ್ಟವೇ ಅವನ ಗುಡಿ. ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಅದಿರಿದೆ. ರಾಜ್ಯದ ಗಣಿ ನಿಗಮ ಅದನ್ನು ತೆಗೆದು ಲಾಂಜಿಗಡದ ವೇದಾಂತ ಕಾರ್ಖಾನೆಗೆ ಕೊಡುವ ಯೋಜನೆ ಇತ್ತು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಇವರ ಧಾರ್ಮಿಕ ಮತ್ತು ಸಮುದಾಯ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದೆ ಇಡಿ ಅಂದಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ವೀಕ್ಷಕರಾಗಿ ಕೂತರು. 12 ಹಳ್ಳಿಗಳ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. 2016ರಲ್ಲಿ ನಿಗಮ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು, ಬರಿಗೈಯಲ್ಲಿ ಮರಳಿತು.

ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ಬೆಟ್ಟದ ಕೆಳಗಿನ ಕಾರ್ಖಾನೆ ಎಲ್ಲೂ ಹೋಗಲಿಲ್ಲ. ಬೇರೆ ಕಡೆಯ ಅದಿರು ತಂದು ಅದು ನಡೆಯುತ್ತಲೇ ಇದೆ. ಕಾರ್ಖಾನೆ ಇರುವ ತನಕ ಆ ಬೆಟ್ಟದವರಿಗೆ ನೆಮ್ಮದಿಯ ನಿದ್ದೆ ಇಲ್ಲ.

(ನಮ್ಮವರಿಗೆ ಒಂದು ವಿಷಯ. ಅದೇ ದಿನ, 2013ರ ಏಪ್ರಿಲ್ 18ರಂದೇ, ಸುಪ್ರೀಂ ಕೋರ್ಟ್ ಬಳ್ಳಾರಿ ಅಕ್ರಮ ಗಣಿಗಾರಿಕೆಯ ದೊಡ್ಡ ತೀರ್ಪನ್ನೂ ಕೊಟ್ಟಿತು. ಆ ಅರ್ಜಿ ಹಾಕಿದ್ದು ನಮ್ಮ ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ.)

ನಿಯಮಗಿರಿ ಗದಗಿಗೆ ಯಾಕೆ ಹಾಗೇ ಹೊಂದುವುದಿಲ್ಲ? ಸಂವಿಧಾನದ ಐದನೇ ಅನುಸೂಚಿ ಅಂತ ಒಂದಿದೆ. ಆದಿವಾಸಿಗಳು ಹೆಚ್ಚಿರುವ ಪ್ರದೇಶಗಳನ್ನು ಗುರುತಿಸಿ ಅಲ್ಲಿ ಬೇರೆ ರಕ್ಷಣೆ ಕೊಡುತ್ತದೆ. 1996ರ ಪೆಸಾ ಕಾಯ್ದೆ ಆ ಪ್ರದೇಶಗಳಲ್ಲಿ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಟ್ಟಿದೆ. ಅಲ್ಲಿ ಸರ್ಕಾರಿ ಜಮೀನನ್ನೂ ಖಾಸಗಿ ಗಣಿ ಕಂಪನಿಗೆ ಗುತ್ತಿಗೆ ಕೊಡುವಂತಿಲ್ಲ ಎಂದು 1997ರ ಸಮತಾ ತೀರ್ಪು ಆಂಧ್ರದ ಪ್ರಕರಣದಲ್ಲಿ ಹೇಳಿತು. ಇಂಥ ಪ್ರದೇಶ 10 ರಾಜ್ಯಗಳಲ್ಲಿದೆ. ಕರ್ನಾಟಕದಲ್ಲಿ ಒಂದು ಅಂಗುಲವೂ ಇಲ್ಲ. ಹಾಗಾಗಿ ವೇದಿಕೆ ಮೇಲೆ ಯಾರಾದರೂ “ಪೆಸಾ ಪ್ರಕಾರ ನಮ್ಮ ಗ್ರಾಮಸಭೆಯೇ ಸುಪ್ರೀಂ” ಅಂದರೆ ಚಪ್ಪಾಳೆ ಹೊಡೆಯಿರಿ, ಆದರೆ ಅದನ್ನು ನಂಬಿ ಮನೆಗೆ ಹೋಗಬೇಡಿ.

ನಮಗೆ ಉಳಿದಿರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ಇಡೀ ದೇಶಕ್ಕೆ ಇದೆ, ಅಭಯಾರಣ್ಯದ ಒಳಗೂ ಇದೆ. ನಿಯಮಗಿರಿ ತೀರ್ಪಿನ ಬೆನ್ನೆಲುಬೂ ಅದೇ. ಡೋಂಗ್ರಿಯಾ ಕೊಂಧರು ಬರೀ “ಬೇಡ” ಅಂದಿದ್ದರೆ ಅದೊಂದು ಪ್ರತಿಭಟನೆ ಆಗಿ ಮುಗಿಯುತ್ತಿತ್ತು. ಈ ಬೆಟ್ಟದ ಮೇಲೆ ನಮ್ಮ ಹಕ್ಕಿದೆ ಅಂತ ಅವರು ಈ ಕಾಯ್ದೆಯಡಿ ಹೇಳಿದರು, ಆ ಹಕ್ಕು ಇತ್ಯರ್ಥ ಆಗದೆ ಗಣಿಗೆ ಕೊಡಲು ಬರಲಿಲ್ಲ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಗಣಿ ಬೇಡ ಅಂತ ಠರಾವು (ಸಭೆಯ ನಿರ್ಣಯ) ಬರೆಯುವ ಮೊದಲು ಹಕ್ಕಿನ ಅರ್ಜಿ ಹಾಕಿ. ಈ ಕ್ರಮ ತಪ್ಪಿದ ಊರುಗಳನ್ನು ನೋಡಿದ್ದೇನೆ. ಆಕ್ಷೇಪಣೆ ಕೊಡಲು ಹೋದರೆ ಟೇಬಲ್ಲಿನ ಆಚೆಯಿಂದ ಬರುವ ಮೊದಲ ಪ್ರಶ್ನೆ, “ನಿಮಗೇನು ಸಂಬಂಧ? ಉತಾರ ಎಲ್ಲಿ?” ಅರ್ಜಿಯ ಸ್ವೀಕೃತಿ ಚೀಟಿ ಕೈಯಲ್ಲಿದ್ದರೆ ಆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಈಗ ವಾಲ್ಮೀಕಿ ಸಮಾಜದವರು ಹೇಳಿದ ಮಾತು. ಅದು ಅರ್ಧ ನಿಜ. ಕರ್ನಾಟಕದಲ್ಲಿ ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡ. ಲಂಬಾಣಿಗಳು ಪರಿಶಿಷ್ಟ ಜಾತಿ. ಪಕ್ಕದ ತೆಲಂಗಾಣದಲ್ಲಿ ಇದೇ ನಿಮ್ಮ ಬಳಗ ಪಂಗಡದ ಪಟ್ಟಿಯಲ್ಲಿದೆ. ಗಡಿ ದಾಟಿದರೆ ಆದಿವಾಸಿ, ಈಚೆ ಬಂದರೆ ಅಲ್ಲ! ಕಾಯ್ದೆಗೆ ಬೇಕಿರುವುದು ಪಟ್ಟಿ, ಆದ್ದರಿಂದ ಅದರ ಲೆಕ್ಕದಲ್ಲಿ ನೀವು “ಇತರ ಪಾರಂಪರಿಕ ಅರಣ್ಯವಾಸಿಗಳು”. ಹಕ್ಕು ನಿಮಗೂ ಉಂಟು. ಸಾಬೀತು ಮಾಡುವ ಭಾರ ಜಾಸ್ತಿ, ಅಷ್ಟೇ.

ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿದ್ದೇವೆ ಅಂತ ತೋರಿಸಿದರೆ ಸಾಕು. ನೀವು ಅದರ ಜೊತೆಗೆ, ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದು ಕಾಡನ್ನು ನಂಬಿ ಬದುಕಿದ್ದೀರಿ ಅಂತ ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಇಲ್ಲಿ ಬಹಳ ಅರ್ಜಿಗಳು ಸಾಯುತ್ತವೆ. ಸಾಯುವುದಕ್ಕೆ ಒಂದು ತಪ್ಪು ತಿಳಿವಳಿಕೆಯೂ ಕಾರಣ. “ಈ ಮೂರು ಎಕರೆಯನ್ನೇ 75 ವರ್ಷದಿಂದ ಉಳುತ್ತಿದ್ದೀರಾ, ದಾಖಲೆ ಕೊಡಿ” ಅಂತ ಕೇಳುತ್ತಾರೆ. ಕಾಯ್ದೆ ಹಾಗೆ ಕೇಳುವುದಿಲ್ಲ. 75 ವರ್ಷದ ಷರತ್ತು ಆ ಪ್ರದೇಶದ ವಾಸಕ್ಕೆ ಮತ್ತು ಅವಲಂಬನೆಗೆ ಸಂಬಂಧಿಸಿದ್ದು, ನಿರ್ದಿಷ್ಟ ತುಂಡು ಭೂಮಿಗೆ ಅಲ್ಲ ಎಂದು ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಸ್ಪಷ್ಟ ಮಾಡಿದೆ. ಭೂಮಿಗೆ 2005ರ ದಿನಾಂಕ, ಊರಿಗೆ 75 ವರ್ಷ. ಈ ಎರಡನ್ನು ಬೆರೆಸಲು ಬಿಡಬೇಡಿ.

1930ರ ದಾಖಲೆ ಎಲ್ಲಿಂದ ತರೋದು ಅಂತ ಕೈ ಚೆಲ್ಲಬೇಡಿ. ನಿಯಮಗಳ ಪ್ರಕಾರ ಸಾಕ್ಷ್ಯಗಳ ಪಟ್ಟಿಯಲ್ಲಿ ಗ್ಯಾಜೆಟಿಯರ್, ಜನಗಣತಿ, ಸರ್ವೇ ವರದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ ಇವೆಲ್ಲ ಬರುತ್ತವೆ. ವಂಶವೃಕ್ಷ ಬರುತ್ತದೆ. ಹಳೆಯ ಬಾವಿ, ಮನೆಯ ಪಾಯ, ಸುಡುಗಾಡು, ದೇವರ ಜಾಗ ಬರುತ್ತವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಈ ಪಟ್ಟಿಯಲ್ಲಿ ಎರಡು ಇದ್ದರೆ ಸಾಕು. ಇಂಥದ್ದೇ ಕಾಗದ ಬೇಕು ಅಂತ ಸಮಿತಿ ಹಟ ಮಾಡುವಂತಿಲ್ಲ, ಅದೂ ನಿಯಮದಲ್ಲೇ ಇದೆ.

ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆಯ ಗ್ಯಾಜೆಟಿಯರ್ 1884ರಲ್ಲಿ ಅಚ್ಚಾಯಿತು. ಅದರಲ್ಲಿ ಕಪ್ಪತಗುಡ್ಡವೂ ಇದೆ, ಲಂಬಾಣಿಗಳೂ ಇದ್ದಾರೆ. ಅದರ ಪುಟಗಳ ದೃಢೀಕೃತ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ನಿಮ್ಮ ತಾಂಡಾ ಶಿರಹಟ್ಟಿ ಕಡೆಯದಾದರೆ ಇನ್ನೊಂದು ಮಾತು. ಆ ಭಾಗ ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಹಳೆಯ ದಫ್ತರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇರುತ್ತದೆ. ಗದಗಿನ ಕಚೇರಿಯಲ್ಲಿ “ಸಿಗಲಿಲ್ಲ” ಅಂದ ಕೂಡಲೇ ಇಲ್ಲ ಅಂತ ತಿಳಿಯಬೇಡಿ, ಹುಡುಕಿದ ಊರೇ ಬೇರೆ ಇರಬಹುದು. ಜನನ ಮರಣದ ಹಳೆಯ ರಿಜಿಸ್ಟರ್, ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜಂದಿರ ಹೆಸರು ಹುಡುಕಿ. ನಿಮ್ಮ ಸೇವಾಲಾಲ್–ಮರಿಯಮ್ಮನ ಗುಡಿ ಯಾವ ಕಾಲದ್ದು, ಅದಕ್ಕೂ ಮೊದಲು ಕಲ್ಲು ಎಲ್ಲಿತ್ತು, ಯಾವ ಹಳ್ಳದಿಂದ ನೀರು ತರುತ್ತಿದ್ದಿರಿ, ಇವೆಲ್ಲ ನಿಮಗೆ ಮಾಮೂಲಿ ಮಾತು. ಅರ್ಜಿಯಲ್ಲಿ ಅದೇ ಜೀವಾಳ.

ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. 2005ರ ನಂತರ ಒತ್ತಿಕೊಂಡು ಮಾಡಿದ ಭೂಮಿ ಇದ್ದರೆ ಅದನ್ನು ಅರ್ಜಿಯಲ್ಲಿ ಸೇರಿಸಬೇಡಿ. ಉಪಗ್ರಹ ಚಿತ್ರ ತೆಗೆದರೆ ಗೊತ್ತಾಗುತ್ತದೆ. ಅರ್ಧ ಎಕರೆಯ ಆಸೆಗೆ ಇಡೀ ಅರ್ಜಿಯ ಮೇಲೆ ಅನುಮಾನ ಬಿದ್ದದ್ದನ್ನು ಕಂಡಿದ್ದೇನೆ.

ಮತ್ತೆ, ಅರ್ಜಿ ಅಂದ ತಕ್ಷಣ ಎಲ್ಲರೂ ತಮ್ಮ ತಮ್ಮ ಎಕರೆಗೆ ನಮೂನೆ ಎ ತುಂಬುತ್ತಾರೆ. ಅದು ಬೇಕು. ಗಣಿಯ ಮುಂದೆ ಅದರ ಬಲ ಕಡಿಮೆ. ಚೂರುಚೂರು ಎಕರೆಗೆ ಬೆಲೆ ಕಟ್ಟಿ ಒಬ್ಬೊಬ್ಬರನ್ನೇ ಸಮಾಧಾನ ಮಾಡಬಹುದು. ನಮೂನೆ ಬಿ ಮತ್ತು ಸಿ ಸಮುದಾಯದ ಹಕ್ಕಿಗೆ. ದನ, ಕುರಿ ಮೇಯಿಸುವ ಗುಡ್ಡ, ಸೌದೆ, ಔಷಧಿ ಬೇರು, ನೀರಿನ ಮೂಲ, ದೇವರ ಜಾಗ, ಇಡೀ ಕಾಡನ್ನು ಕಾಯುವ ಹಕ್ಕು. ಈ ಅರ್ಜಿಯನ್ನು ವಾಲ್ಮೀಕಿ ಸಮಾಜದವರು, ಕುರಿ ಕಾಯುವ ಕುರುಬರು, ನೀವು ಜೊತೆಗೂಡಿ ಹಾಕಿ. ನಿಮಗೆ ಹಕ್ಕಿಲ್ಲ ಅಂದವರ ಜೊತೆ ಯಾಕೆ ಕೂರಬೇಕು ಅನ್ನಿಸಬಹುದು. ಅವರ ಸಾಬೀತಿನ ಭಾರ ಹಗುರ, ಅದು ನಿಮಗೂ ಆಸರೆ. ಅವರು ಮೇಯಿಸುವ ಗುಡ್ಡವೂ ಇದೇ ತಾನೇ?

ಗ್ರಾಮಸಭೆ ಅಂದಾಗ ಪಂಚಾಯಿತಿ ಮಟ್ಟದ ಸಭೆ ಅಂತಲೇ ತಿಳಿಯಬೇಡಿ. ಈ ಕಾಯ್ದೆಯಲ್ಲಿ ಹಳೆಯ ವಸತಿ, ಸರ್ವೇ ಆಗದ ಊರು ಕೂಡ ‘ಗ್ರಾಮ’. ನಿಮ್ಮ ತಾಂಡಾ ಕಂದಾಯ ಗ್ರಾಮ ಆಗಿರಲಿ, ಬಿಡಲಿ, ಸಭೆ ತಾಂಡಾದಲ್ಲೇ ಆಗಲಿ ಎಂದು ಪಂಚಾಯಿತಿಗೆ ಬರೆದು ಕೇಳಿ. ಹತ್ತರಿಂದ ಹದಿನೈದು ಜನರ ಅರಣ್ಯ ಹಕ್ಕು ಸಮಿತಿ ಆಗಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಊರಲ್ಲಿ ಪಂಗಡದವರಿದ್ದರೆ ಸಮಿತಿಯ ಮೂರನೇ ಎರಡು ಪಾಲು ಅವರದು.

ಕೋರಂ ದೊಡ್ಡ ತಲೆನೋವು. ವಯಸ್ಕರಲ್ಲಿ ಅರ್ಧದಷ್ಟು ಜನ ಸಭೆಯಲ್ಲಿ ಇರಬೇಕು. ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅರ್ಧ ತಾಂಡಾ ಗುಳೆ ಹೋಗಿ ಗೋವಾದಲ್ಲೋ ಮಂಗಳೂರಲ್ಲೋ ಇರುವಾಗ ಇದು ಹೇಗೆ ಸಾಧ್ಯ? ದೀಪಾವಳಿಗೆ ಇಡಿ. ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹಬ್ಬದ ಹಾರೈಕೆಯ “ಮೇರಾ” ಹೇಳಲು ಹೋಗುವ ಹೊತ್ತಿಗೆ ಎಲ್ಲರೂ ಊರಲ್ಲಿರುತ್ತಾರೆ. ತಾಂಡಾದ ಮುಖ್ಯಸ್ಥರಾದ ನಾಯಕ, ಡಾವ, ಕಾರಭಾರಿ ಮೂವರಿಗೂ ಮೊದಲೇ ಹೇಳಿ ಆ ವಾರದಲ್ಲೇ ಸಭೆಯ ದಿನ ಗೊತ್ತು ಮಾಡಿ. ಪಂಚಾಯಿತಿಯ ನೋಟಿಸ್ ಮುಂಚೆಯೇ ಬರಬೇಕಾದ್ದರಿಂದ ಪತ್ರ ಈಗಲೇ ಹೋಗಲಿ.

ಹಾಜರಿ ಪುಸ್ತಕದ ಬಗ್ಗೆ ಎಚ್ಚರ. ನನ್ನ ಹತ್ತಿರ ಬಂದ ಒಂದು ಊರಿನಲ್ಲಿ ಜನ ಸಭೆಗೆ ಬಂದರು, ಖಾಲಿ ಹಾಳೆಯಲ್ಲಿ ಹಾಜರಿ ಸಹಿ ಹಾಕಿದರು, ಉಪ್ಪಿಟ್ಟು ತಿಂದು ಹೋದರು. ಆರು ತಿಂಗಳ ಮೇಲೆ ಮಾಹಿತಿ ಹಕ್ಕಿನಲ್ಲಿ ಪ್ರತಿ ತೆಗೆಸಿದರೆ ಆ ಸಹಿಗಳ ಮೇಲೆ “ಯೋಜನೆಗೆ ನಮ್ಮ ತಕರಾರಿಲ್ಲ” ಅಂತ ಠರಾವು ಕೂತಿತ್ತು. ಅದನ್ನು ಬಿಡಿಸಿಕೊಳ್ಳಲು ವರ್ಷಗಳು ಹಿಡಿದವು. ಠರಾವು ಮೊದಲು ಬರೆಯಲಿ, ಗಟ್ಟಿಯಾಗಿ ಓದಲಿ, ಆಮೇಲೆ ಅದರ ಕೆಳಗೇ ಸಹಿ. ಹಾಳೆಯ ಫೋಟೋ ಹತ್ತು ಜನರ ಮೊಬೈಲಿನಲ್ಲಿ ಇರಲಿ.

ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಅರ್ಜಿ ಹೋಗುತ್ತದೆ. ತಿರಸ್ಕರಿಸಿದರೆ 60 ದಿನದಲ್ಲಿ ಮೇಲ್ಮನವಿ. ಕಾರಣ ಬರೆದು ಕೊಡದ ತಿರಸ್ಕಾರ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಗಾರ್ಡ್ ಹೇಳಿದ್ದಕ್ಕೆ ಬರೋಣ. ಕಪ್ಪತಗುಡ್ಡ 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶ ಆಯಿತು. 2016ರ ನವೆಂಬರಿನಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು. 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಧರಣಿ ಕೂತರು. ಏಪ್ರಿಲ್‌ನಲ್ಲಿ ಆದೇಶ ಮತ್ತೆ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಅಭಯಾರಣ್ಯ ಆಯಿತು. ಇದರಿಂದ ನಿಮಗೆ ಲಾಭವೂ ಇದೆ, ಕಿರಿಕಿರಿಯೂ ಇದೆ.

ಲಾಭ ದೊಡ್ಡದು. ಅಭಯಾರಣ್ಯದ ಒಳಗೆ ಮತ್ತು ಅದರ ಗಡಿಯಿಂದ ಒಂದು ಕಿಲೋಮೀಟರ್ ವರೆಗೆ ಗಣಿಗಾರಿಕೆ ಕೂಡದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿದೆ. ಹಾಗಾಗಿ ಆ ಬಿಳಿ ಬಣ್ಣದ ಗುರುತುಗಳು ಎಲ್ಲಿವೆ ಅನ್ನುವುದೇ ನಿಮ್ಮ ಪ್ರಕರಣದ ಅರ್ಧ ಉತ್ತರ. ಮೊಬೈಲಿನಲ್ಲಿ ಜಿಪಿಎಸ್ ಬೀಳುವ ಹಾಗೆ ಒಂದೊಂದು ಗುರುತಿನ ಫೋಟೋ ತೆಗೆಯಿರಿ. ಅಭಯಾರಣ್ಯದ ಅಧಿಸೂಚನೆಯ ಗಡಿ ವಿವರ ತಂದು ತಾಳೆ ನೋಡಿ. ಗಡಿ ಬದಲಿಸುವುದು ಸುಲಭವಿಲ್ಲ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು.

ಕಿರಿಕಿರಿ ಇದು. ಗುಡ್ಡ ಉಳಿಸುವ ಚಳವಳಿಯಲ್ಲಿ ನಾವೆಲ್ಲ ಇದ್ದೆವು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಗುಡ್ಡದ ಅಂಚಿನ ತಾಂಡಾಗಳ ಹಕ್ಕು ಬರೆಸುವ ಕೆಲಸಕ್ಕೆ ನಾವು ಪಟ್ಟಣದವರು ಅಷ್ಟು ಬೆವರು ಹರಿಸಲಿಲ್ಲ. ಈಗ ಅದೇ ಅಭಯಾರಣ್ಯವನ್ನು ತೋರಿಸಿ ನಿಮ್ಮನ್ನು ಹೆದರಿಸುತ್ತಾರೆ. ಕರ್ನಾಟಕ ಅರಣ್ಯ ಕಾಯ್ದೆಯ 64ಎ ಕಲಮಿನಲ್ಲಿ ಒತ್ತುವರಿ ತೆರವು ಮಾಡುವ ಅಧಿಕಾರ ಇಲಾಖೆಗೆ ಇರುವುದು ನಿಜ. ಹಾಗೆಯೇ, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಎಬ್ಬಿಸುವಂತಿಲ್ಲ ಅಂತ ಅರಣ್ಯ ಹಕ್ಕು ಕಾಯ್ದೆಯ 4(5) ಹೇಳುವುದೂ ನಿಜ. ಆ ಕವಚ ತೊಡಲು ಮತ್ತೆ ಅದೇ ಸ್ವೀಕೃತಿ ಚೀಟಿ ಬೇಕು. ಗಾರ್ಡ್ ಜೊತೆ ಜಗಳಕ್ಕೆ ಹೋಗಬೇಡಿ. ಚೀಟಿಯ ಜೆರಾಕ್ಸ್ ಕೊಟ್ಟು ಬನ್ನಿ.

ಜಮೀನು ಅರಣ್ಯವೇ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಉತಾರದಲ್ಲಿ ಅರಣ್ಯ ಅಂತಿದೆಯೋ, ಗಾಯರಾಣ (ಗೋಮಾಳ) ಅಂತಿದೆಯೋ, ಸರ್ಕಾರಿ ಪಡ (ಬೀಳು ಭೂಮಿ) ಅಂತಿದೆಯೋ? ಅರಣ್ಯವಲ್ಲದ ಸರ್ಕಾರಿ ಜಮೀನಾದರೆ ದಾರಿಯೇ ಬೇರೆ, ಬಗರ್‌ಹುಕುಂ, ಅಂದರೆ ಅನಧಿಕೃತ ಸಾಗುವಳಿಯ ಸಕ್ರಮ. ನಿಮ್ಮ ಅಪ್ಪ ನಮೂನೆ 50, 53 ಅಥವಾ 57 ಹಾಕಿದ್ದರಾ ಕೇಳಿ. ಹಾಕಿದ್ದರೆ ಆ ಹಳೆಯ ಚೀಟಿ ಹುಡುಕಿ. ಇನ್ನು ಯಾವತ್ತಾದರೂ ಸರ್ಕಾರದಿಂದ ನಿಮ್ಮ ಮನೆತನಕ್ಕೆ ಮಂಜೂರಾದ ತುಂಡು ಇದ್ದರೆ 1978ರ ಪಿಟಿಸಿಎಲ್ ಕಾಯ್ದೆ ಕಾಯುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಖರೀದಿ ಊರ್ಜಿತವಲ್ಲ.

ನೆಲದ ಕೆಳಗಿನ ಚಿನ್ನ ನಮ್ಮದಲ್ಲವಾ ಅಂತಲೂ ಕೆಲವರು ಕೇಳುತ್ತಾರೆ. ಉತಾರ ಇದ್ದವರಿಗೂ ಅದು ಸುಲಭದ ಮಾತಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆಯ 70ನೇ ಕಲಮು ಖನಿಜವನ್ನು ಸರ್ಕಾರದ್ದು ಅನ್ನುತ್ತದೆ. ಆ ಜಗಳಕ್ಕೆ ಕೈ ಹಾಕಬೇಡಿ. ನಿಮ್ಮ ಶಕ್ತಿ ಇರುವುದು ನೆಲದ ಮೇಲೆ.

ಕಂಪನಿಯ ದಾರಿಯಲ್ಲಿ ನೀವು ಕೈ ಅಡ್ಡ ಹಿಡಿಯಬಹುದಾದ ಜಾಗಗಳು ಮೂರ್ನಾಲ್ಕು ಇವೆ. ಬಂದವರ ಹತ್ತಿರ ಇರುವುದು ಶೋಧನೆಯ ಪರವಾನಗಿಯಾ, ಗಣಿ ಗುತ್ತಿಗೆಯಾ ಅಂತ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಹಳ ಸಲ ಎರಡೂ ಇರುವುದಿಲ್ಲ. ಅರ್ಜಿ ಮುಂದೆ ಹೋಗಿದ್ದರೆ ಪರಿಸರ, ಅರಣ್ಯ ಅನುಮತಿಗಳಿಗಿರುವ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಕಾಣುತ್ತದೆ. ಅರಣ್ಯ ಜಮೀನು ಬಿಡುಗಡೆಗೆ ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು 2009ರ ಸುತ್ತೋಲೆ ಹೇಳಿತ್ತು. ಆಗ ಅದು ಕೇಂದ್ರದ ಒಪ್ಪಿಗೆಗೆ ಮೊದಲೇ ಬರಬೇಕಿತ್ತು. 2022ರ ನಿಯಮಗಳಲ್ಲಿ ಆ ಹೊಣೆಯನ್ನು ರಾಜ್ಯ ಸರ್ಕಾರಕ್ಕೆ, ಕೊನೆಯ ಹಂತಕ್ಕೆ ತಳ್ಳಿದರು. ಊಟ ಬಡಿಸಿ ಆದಮೇಲೆ ಹಸಿವಿದೆಯಾ ಅಂತ ಕೇಳಿದ ಹಾಗೆ. ಆಮೇಲೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ. 30 ದಿನ ಮೊದಲು ನೋಟಿಸ್, ವರದಿಯ ಸಾರಾಂಶ ಕನ್ನಡದಲ್ಲಿ, ಇಡೀ ಸಭೆ ವಿಡಿಯೋ. ಅಲ್ಲಿ ಕೂಗಾಡಿ ಸಭೆ ಒಡೆದು ಬರುವವರನ್ನು ನೋಡಿದ್ದೇನೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಕಡತದಲ್ಲಿ ಉಳಿಯುವುದು ಬರೆದು ಕೊಟ್ಟದ್ದು, ದಾಖಲಾದ ಮಾತು ಮಾತ್ರ. ಅನುಮತಿ ಕೊಟ್ಟೇಬಿಟ್ಟರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಲು 30 ದಿನ. ಕಾರಣ ತೋರಿಸಿದರೆ ಮತ್ತೆ 60 ದಿನದ ತನಕ ಅವಕಾಶ ಕೊಡಬಹುದು. ಅದು ದಾಟಿದರೆ ಬಾಗಿಲು ಹಾಕಿತು ಅಂತಲೇ.

ಕಾಯ್ದೆ ಒಂದರಿಂದಲೇ ಗೆದ್ದ ಹೋರಾಟ ನಮ್ಮ ಭಾಗದಲ್ಲಿ ನನಗೆ ಕಂಡಿಲ್ಲ. ಹಾನಗಲ್ ಕಡೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಅಂತಲೇ ಅದರ ಹೆಸರು. ಊರಿನ ದನ ಮೇಯುತ್ತಿದ್ದ 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ಪಲ್ಪ್‌ವುಡ್ ಕಂಪನಿಗೆ ಕೊಡುವ ಯೋಜನೆ ಅದು. ಬೀದಿಯಲ್ಲಿ ಸತ್ಯಾಗ್ರಹ, ಸುಪ್ರೀಂ ಕೋರ್ಟಿನಲ್ಲಿ ಶಿವರಾಮ ಕಾರಂತರೂ ಇದ್ದ ಅರ್ಜಿ, ಎರಡೂ ಜೊತೆಗೆ ನಡೆದವು. 1991ರಲ್ಲಿ ಕಂಪನಿ ಮುಚ್ಚಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಬೇಕಾಗಿತ್ತು. ರೈತರು ಮತ್ತು ತೋಂಟದ ಶ್ರೀಗಳು ಎದ್ದು ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅಲ್ಲಿ ರೈತರ ಕೈಯಲ್ಲಿ ಉತಾರ ಇತ್ತು ಅನ್ನುವುದನ್ನು ಮರೆಯಬೇಡಿ. ನಿಮ್ಮ ಕೈಯಲ್ಲಿ ಇಲ್ಲ.

ಹಾಗಾದರೆ ದುಡ್ಡು ತಗೊಳ್ಳುವುದು? ಅದನ್ನು ತಪ್ಪು ಅನ್ನಲು ನಾನು ಯಾರು. ಮಳೆ ಕೈಕೊಟ್ಟ ವರ್ಷ ಮೂರು ಎಕರೆ ಏನು ಕೊಡುತ್ತದೆ ಅಂತ ನಿಮಗೆ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ಹಕ್ಕು ಗುರುತಾಗದ ಭೂಮಿಗೆ ಸರ್ಕಾರದ ಪರಿಹಾರ ಸಿಗುವುದು ಕಷ್ಟ. 2013ರ ಭೂಸ್ವಾಧೀನ ಕಾಯ್ದೆ, ಗುರುತಾದ ಅರಣ್ಯ ಹಕ್ಕು ಕಳೆದುಕೊಂಡವರನ್ನು ಬಾಧಿತ ಕುಟುಂಬ ಅಂತ ಒಪ್ಪುತ್ತದೆ. ಅಂದರೆ ಕೊಡುವ ಮನಸ್ಸಿದ್ದರೂ ಮೊದಲು ಹಕ್ಕು ಬರೆಸಿಕೊಳ್ಳಬೇಕು. “ಶೇಕಡ 80 ಜನ ಒಪ್ಪದೆ ಖಾಸಗಿ ಕಂಪನಿಗೆ ಜಮೀನು ಹೋಗಲ್ಲ” ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಅದು ಆ ಕಾಯ್ದೆಯ ಮಾತು. ನಮ್ಮಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ. ಅಲ್ಲಿ ಶೇಕಡ 80ರ ಷರತ್ತಿಲ್ಲ. 28(2)ರ ನೋಟಿಸ್ ಬಂದರೆ ತಕರಾರು ಹೇಳಲು 30 ದಿನ ಇರುತ್ತದೆ, ಅಷ್ಟೇ.

ಇನ್ನು ಅಪ್ಪನ ಹೆಬ್ಬೆಟ್ಟು. ಅರಣ್ಯ ಭೂಮಿಯನ್ನು ನಿಮ್ಮ ಅಪ್ಪ ಮಾರಲು ಬರುವುದಿಲ್ಲ. ಹಕ್ಕುಪತ್ರ ಸಿಕ್ಕ ಮೇಲೂ ಅದು ಮಕ್ಕಳಿಗೆ ಬರುತ್ತದೆ, ಬೇರೆಯವರಿಗೆ ಪರಭಾರೆ ಆಗುವುದಿಲ್ಲ. ಆದ್ದರಿಂದ ಅದು ಖರೀದಿ ಕರಾರು ಆಗಿದ್ದರೆ ಅದಕ್ಕೆ ಬೆಲೆ ಇಲ್ಲ. ನನಗೆ ಹೆದರಿಕೆ ಇರುವುದು ಬೇರೆ ಸಾಲಿನ ಬಗ್ಗೆ. ಇಂಥ ಎರಡು ಕಾಗದ ನಾನು ಓದಿದ್ದೇನೆ. ಎರಡರಲ್ಲೂ ಮಧ್ಯದಲ್ಲಿ ಒಂದು ವಾಕ್ಯ ಇತ್ತು: “ಸದರಿ ಜಮೀನನ್ನು ನಾನು ಸುಮಾರು ಹತ್ತು ವರ್ಷಗಳಿಂದ ಅನಧಿಕೃತವಾಗಿ ಸಾಗುವಳಿ ಮಾಡುತ್ತಿದ್ದು...” ಹತ್ತು ವರ್ಷ ಅಂದರೆ 2005ರ ಈಚೆ. ಅಪ್ಪನ ಬಾಯಿಂದಲೇ ಅಪ್ಪನ ಹಕ್ಕು ಹೋಯಿತು.

ಹಾಗಾಗಿ ಮುಂದಿನ ಸಲ ಬರುವ ತನಕ ಕಾಯಬೇಡಿ. ಇವತ್ತೇ ಮನೆಗೆ ಫೋನ್ ಮಾಡಿ. ಏಜೆಂಟ್ ಪ್ರತಿ ಕೊಟ್ಟಿದ್ದರೆ ಫೋಟೋ ತರಿಸಿಕೊಂಡು ಓದಿ. ಕೊಡದಿದ್ದರೆ, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ, ನಮ್ಮ ಸಾಗುವಳಿ ನಮ್ಮ ಮುತ್ತಜ್ಜನ ಕಾಲದ್ದು ಅಂತ ಅಪ್ಪನ ಹೆಸರಿನಲ್ಲಿ ಜಿಲ್ಲಾಧಿಕಾರಿಗೆ, ತಹಶೀಲ್ದಾರರಿಗೆ, ಪಂಚಾಯಿತಿಗೆ ಸ್ಪೀಡ್ ಪೋಸ್ಟ್ ಮಾಡಿಸಿ. ಅಂಚೆಯ ರಸೀದಿ ಜೋಪಾನ. ಹೆದರಿಸಿ ಭೂಮಿ ಬಿಡಿಸಲು ಬಂದರೆ, ಪರಿಶಿಷ್ಟರ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದೂ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅದನ್ನು ಆಗ ನೋಡೋಣ.

ದೀಪಾವಳಿಗೆ ಬಂದಾಗ ಧಾರವಾಡಕ್ಕೆ ಬನ್ನಿ. ಬಿಳಿ ಗುರುತಿನ ಫೋಟೋಗಳು, ಉತಾರ, ಹಳೆಯ ಚೀಟಿ ಏನಿದ್ದರೂ ತನ್ನಿ. ತಾಂಡಾದಲ್ಲಿ ಎಲ್ಲರಿಗಿಂತ ಹಿರಿಯಜ್ಜಿ ಯಾರಿದ್ದಾರೋ ಅವರ ಮಾತನ್ನು ಅದಕ್ಕೂ ಮೊದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ ಇಡಿ. ನಿಮ್ಮ ಲಂಬಾಣಿ ಮಾತು ಗೋರಬೋಲಿಯಲ್ಲೇ ಹೇಳಲಿ, ಕನ್ನಡಕ್ಕೆ ನಾವು ಇಳಿಸಿಕೊಳ್ಳೋಣ.